ರೋಮಿನವರ ಜಗಳ, ನಮ್ಮ ಮನೆಯ ಮೌನ

ಜಗಳವೆಂದರೆ ನನಗೆ ಮೊದಲಿನಿಂದಲೂ ಹೆದರಿಕೆ. ಪಕ್ಕದ ಮನೆಯವರು ಜಗಳವಾಡಿದರೂ ನಮ್ಮ ಬಾಗಿಲು ಹಾಕಿಕೊಂಡು, ತಪ್ಪು ನನ್ನದೇ ಇರಬಹುದೇ ಎಂದು ಯೋಚಿಸುವವಳು ನಾನು. ನಿಮ್ಮ ಅಜ್ಜ ಸಾರಿಗೆ ಉಪ್ಪು ಹೆಚ್ಚಾಯಿತು ಎಂದರೆ ಹೌದು ಎನ್ನುತ್ತಿದ್ದೆ, ಕಡಿಮೆಯಾಯಿತು ಎಂದರೂ ಹೌದು ಎನ್ನುತ್ತಿದ್ದೆ. ಇಬ್ಬರೂ ಸುಖವಾಗಿದ್ದೆವು, ಸಾರು ಮಾತ್ರ ಒಂದು ದಿನವೂ ಸರಿಯಾಗಲಿಲ್ಲ. ಅವರು ಹೋದ ಮೇಲೆ ಮಗನ ಜೊತೆ ಕೊಲ್ಲಿ ದೇಶದ ಈ ಅಲ್ ಖೋಬರಿಗೆ ಬಂದಾಗ ಆ ಹೆದರಿಕೆಯೂ ನನ್ನ ಪೆಟ್ಟಿಗೆಯಲ್ಲೇ ಬಂತು. ಮಕ್ಕಳೇ, ಫ್ಲ್ಯಾಟಿನಲ್ಲಿ ಜಗಳವಾದರೆ ಹೋಗುವುದೆಲ್ಲಿಗೆ ಹೇಳಿ? ಊರಿನಲ್ಲಾದರೆ ಸೊಪ್ಪು ಕೊಯ್ಯುವ ನೆಪದಲ್ಲಿ ಹಿತ್ತಿಲಿಗೆ ಹೋಗಬಹುದು. ಇಲ್ಲಿ ಹಿತ್ತಿಲಿಲ್ಲ, ಒಬ್ಬಳೇ ಹೊರಗೆ ಹೋಗುವ ಧೈರ್ಯವಿಲ್ಲ, ಹೋದರೂ ಆ ಬಿಸಿಲಿಗಿಂತ ಜಗಳವೇ ವಾಸಿ.

ಹಾಗಾಗಿ ಒಂದು ಉಪಾಯ ಕಂಡುಕೊಂಡಿದ್ದೆ. ನಿಮ್ಮ ಅಪ್ಪ ಅಮ್ಮನ ದನಿ ಸ್ವಲ್ಪ ಏರಿತೋ, ಅಡುಗೆಮನೆಯಲ್ಲಿ ಮಿಕ್ಸಿ ಹಾಕುವುದು. ರುಬ್ಬಲು ಏನೂ ಇಲ್ಲದಿದ್ದರೆ ಎದೆಯ ಮೇಲೆ ಕೈಯಿಟ್ಟು, "ಎಂತದೋ ಒಂದು ನಮೂನೆ ಆಗ್ತದೆ ಮಾರಾಯ" ಎಂದು ಕೂತುಬಿಡುವುದು. ಇಬ್ಬರೂ ಜಗಳ ಬಿಟ್ಟು ನೀರು ತರಲು ಓಡುತ್ತಿದ್ದರು.

ಆ ವರ್ಷ ನಿಮ್ಮ ಅಪ್ಪನಿಗೆ ಕಂಪನಿಯವರು ಜಿಜಾನಿಗೆ ಹೋಗು ಎಂದರು. ದೇಶದ ಇನ್ನೊಂದು ತುದಿ. ನಿಮ್ಮ ಅಮ್ಮ ಇಲ್ಲಿ ಶಾಲೆಯ ಟೀಚರು, ನಿಮ್ಮಲ್ಲಿ ದೊಡ್ಡವಳಾದ ಮೇಘನಾ ಆಗ ಒಂಬತ್ತನೇ ಕ್ಲಾಸು. ಭಾನುವಾರ ಆಫೀಸಿಗೆ ಉತ್ತರ ಹೇಳಬೇಕಿತ್ತು. ಮಾತು ಎದ್ದಾಗಲೆಲ್ಲ ನಾನು ಮಿಕ್ಸಿ ಹಾಕಿದೆ. ಆ ವಾರ ಎಷ್ಟು ಚಟ್ನಿಯಾಯಿತೆಂದರೆ, ಕೆಳಗಿನ ಮನೆಯ ಹೈದರಾಬಾದಿನವರು ಕೊನೆಗೆ ಸಾಕು ಎಂದು ಕೈಮುಗಿದರು.

ಅದೇ ಹೊತ್ತಿಗೆ ಮೇಘನಾಳಿಗೆ ಶಾಲೆಯಲ್ಲಿ ಭಾಷಣ. ಕೇಳುವವರು ಬೇಕೆಂದು ನನ್ನನ್ನು ಸೋಫಾದ ಮೇಲೆ ಕೂರಿಸಿದಳು. "ಅಜ್ಜಿ, ಐನೂರು ವರ್ಷದ ಹಿಂದೆ ಇಟಲಿಯಲ್ಲಿ ಒಬ್ಬ ಇದ್ದ. ಹಳೇ ರೋಮಿನ ಹಿಸ್ಟರಿ ಓದಿ ಓದಿ, ರಾಜ್ಯ ಹೇಗೆ ನಡೀಬೇಕು ಅಂತ ಬರೆದ. ರೋಮಲ್ಲಿ ದೊಡ್ಡಮನುಷ್ಯರಿಗೂ ಜನರಿಗೂ ಯಾವಾಗ್ಲೂ ಗಲಾಟೆ, ಅದು ಕೆಟ್ಟದ್ದು ಅಂತ ಎಲ್ರೂ ಹೇಳ್ತಿದ್ರು. ಇವನು ಹೇಳಿದ, ನೋ, ಆ ಗಲಾಟೆಯಿಂದಲೇ ಒಳ್ಳೇ ಕಾನೂನು ಬಂತು, ಸ್ವಾತಂತ್ರ್ಯ ಉಳೀತು."

"ಅವನ ಮನೇಲಿ ಸೊಸೆ ಇರ್ಲಿಲ್ಲ ಕಾಣ್ತದೆ," ಎಂದೆ.

"ಅಜ್ಜಿ, ಸೀರಿಯಸ್! ಜನ ಸಿಟ್ಟು ಮಾಡ್ಕೊಂಡು ಊರು ಬಿಟ್ಟು ಗುಡ್ಡದ ಮೇಲೆ ಹೋಗಿ ಕೂತರು. ಆಮೇಲೆ ಅವರಿಗೆ ಅವರದೇ ಪ್ರತಿನಿಧಿಗಳು ಸಿಕ್ಕಿದ್ರು. ದೊಡ್ಡವರು ಏನು ಮಾಡಿದ್ರೂ 'ಬೇಡ' ಅನ್ನೋ ಪವರ್ ಇರೋರು. ಎಲ್ಲರೂ ಸುಮ್ಮನಿದ್ದಾರೆ ಅಂದ್ರೆ ಎಲ್ಲರೂ ಚೆನ್ನಾಗಿದ್ದಾರೆ ಅಂತಲ್ಲ ಅಜ್ಜಿ."

ಬೇಡ ಎನ್ನುವುದಕ್ಕೂ ಒಂದು ಹುದ್ದೆ! ನಮ್ಮ ಊರಿನ ಶಾಲೆಯಲ್ಲಿ ರಾಜರ ಹೆಸರು, ಅವರು ತೋಡಿಸಿದ ಕೆರೆ, ನೆಡಿಸಿದ ಸಾಲುಮರ ಎಲ್ಲ ಬಾಯಿಪಾಠ ಮಾಡಿಸಿದ್ದರು. ಅವರೆದುರು ಯಾರಾದರೂ ಬೇಡ ಎಂದಿದ್ದರೇ ಎಂದು ಮೇಷ್ಟ್ರು ಹೇಳಲಿಲ್ಲ, ಕೇಳುವ ಧೈರ್ಯ ನನಗೂ ಇರಲಿಲ್ಲ.

ಶುಕ್ರವಾರ ಬೆಳಿಗ್ಗೆ ನಿಮ್ಮ ಅಪ್ಪ ಚಹಾ ಕುಡಿಯುತ್ತ ನೆಮ್ಮದಿಯಿಂದ ಹೇಳಿದ, "ಅಮ್ಮ, ನಾಡಿದ್ದು ಹೂಂ ಅಂತೇನೆ. ಮನೇಲಿ ಯಾರೂ ಬೇಡ ಅನ್ಲಿಲ್ಲ ಅಲ್ವಾ?"

ಒಳಗೆ ನಿಮ್ಮ ಅಮ್ಮ ಬಟ್ಟೆ ಮಡಚುತ್ತ ಅಳುತ್ತಿದ್ದಳು. ಅವಳು ಬೇಡ ಎನ್ನಲು ಬಾಯಿ ತೆರೆದಾಗಲೆಲ್ಲ ಅದನ್ನು ಮುಚ್ಚಿಸಿದ್ದು ನಾನು. ಇದುವರೆಗೆ ಯಾರಿಗೂ ಜೋರಾಗಿ ಒಂದು ಮಾತು ಹೇಳದ ನಾನೇ ಈ ಮನೆಯ ಸರ್ವಾಧಿಕಾರಿಯಾಗಿಬಿಟ್ಟೆನೇ ಎಂದು ದಿಗಿಲಾಯಿತು. ಸುಮ್ಮನಿದ್ದರೆ ಆ ಹುಡುಗಿಯ ಕೆಲಸ ಹೋಗುತ್ತದೆ, ಮೇಘನಾಳ ಶಾಲೆ ಹೋಗುತ್ತದೆ. ಬಾಯಿ ಬಿಟ್ಟರೆ ಜಗಳ. ಮಧ್ಯಾಹ್ನ ಊಟಕ್ಕೆ ಕೂತಾಗ ಕೇಳಿಯೇಬಿಟ್ಟೆ. "ಜಿಜಾನಿಗೆ ಹೋಗ್ಲಿಕ್ಕೆ ನಿಜವಾಗಿ ಯಾರಿಗೆ ಮನಸ್ಸುಂಟು?"

ಮೈಸೂರಿನವಳಾದ ನಿಮ್ಮ ಅಮ್ಮ ಗಂಡನ ಮೇಲೆ ಬಹುವಚನದಲ್ಲೇ ಸಿಡಿದಳು. "ನನ್ನನ್ನ ಒಂದು ಮಾತು ಕೇಳಿದ್ರಾ ನೀವು? ಲಗೇಜ್ ಥರ ಕಟ್ಕೊಂಡು ಹೋಗ್ತೀರಾ?"

"ನೀನು ಹೇಳಿದ್ರೆ ತಾನೇ ಗೊತ್ತಾಗುದು!"

"ಹೇಳೋಕೆ ಎಲ್ಲಿ ಬಿಡ್ತಾರೆ ಈ ಮನೇಲಿ!"

ನನ್ನ ಕೈ ತಾನಾಗಿ ಎದೆಯ ಕಡೆ ಹೊರಟಿತು. "ಅಜ್ಜಿ, ಕೈ ಕೆಳಗೆ!" ಎಂದಳು ಮೇಘನಾ.

ಸಂಜೆಯ ಬಾಂಗ್ ಕೇಳುವವರೆಗೂ ನಡೆಯಿತು. ನಡುವೆ ಅಳು, ನಡುವೆ ಮಜ್ಜಿಗೆ, ಹಳೆಯ ಮದುವೆಮನೆಯ ಒಂದೆರಡು ಲೆಕ್ಕಗಳೂ ಬಂದವು. ಆದರೆ ಕೊನೆಗೆ ಕಾನೂನು ಬಂದೇಬಂತು: ಅಪ್ಪ ಒಬ್ಬನೇ ಹೋಗುವುದು, ಮೇಘನಾಳ ಹತ್ತನೇ ಕ್ಲಾಸು ಮುಗಿಯುವವರೆಗೆ ತಾಯಿ ಮಕ್ಕಳು ಇಲ್ಲೇ ಇರುವುದು.

ಬದುಕಿದೆ ಎಂದುಕೊಂಡು ತಟ್ಟೆ ಎತ್ತಲು ಎದ್ದೆ. ಆಗ ಮೇಘನಾ, "ಮತ್ತೆ ಅಜ್ಜಿ ಎಲ್ಲಿರೋದು?" ಎಂದಳು.

"ಅಮ್ಮ ನನ್ನೊಟ್ಟಿಗೆ. ಊಟಕ್ಕೆ ಎಂತ ಮಾಡುದು ನಾನು?" ಎಂದ ನಿಮ್ಮ ಅಪ್ಪ.

"ನಿಮ್ಮ ಊಟಕ್ಕೆ ಹೋಟೆಲಿದೆ. ಅತ್ತೆ ಇಲ್ದೆ ನನಗಾಗಲ್ಲ."

ಮತ್ತೆ ಶುರುವಾಯಿತು, ಈ ಸಲ ನನ್ನ ಸಲುವಾಗಿ. ನಿಮ್ಮ ಅಪ್ಪ ನನ್ನ ಕಡೆ ತಿರುಗಿ, "ನೀನೇ ಹೇಳಮ್ಮ" ಎಂದ. ಇಲ್ಲೇ ಇರುತ್ತೇನೆ ಎಂಬುದು ನನ್ನ ಮನಸ್ಸಿನಲ್ಲಿ ಆಗಲೇ ತೀರ್ಮಾನವಾಗಿತ್ತು. ಬಾಯಿಬಿಟ್ಟು ಅಷ್ಟು ಹೇಳಿದ್ದರೆ ಅಲ್ಲಿಗೇ ಎಲ್ಲ ಮುಗಿಯುತ್ತಿತ್ತು. ಆದರೆ ನಾನು ಬೇಕೆಂದು ಇಬ್ಬರು ಜಗಳವಾಡಿದ್ದು ನನ್ನ ಜೀವಮಾನದಲ್ಲೇ ಮೊದಲು.

"ಸ್ವಲ್ಪ ಯೋಚನೆ ಮಾಡ್ಬೇಕು," ಎಂದೆ. ಕುರ್ಚಿಯನ್ನು ಇನ್ನಷ್ಟು ಹತ್ತಿರಕ್ಕೆ ಎಳೆದುಕೊಂಡು ಕೂತೆ.