ಎಡಗಾಲಿಗೆ ರಜೆ

ತೊಂಬತ್ತೆಂಟನೇ ಇಸವಿಯಲ್ಲಿ ಹಾರನಹಳ್ಳಿಯ ಉಗ್ರಪ್ಪ ಅರಳಿಕಟ್ಟೆಯ ಮೇಲೆ ಹತ್ತು ಜನರೆದುರು ಎದ್ದು ನಿಂತು ಒಂದು ಭೀಷಣ ಪ್ರತಿಜ್ಞೆ ಮಾಡಿದ. ಎದ್ದು ನಿಲ್ಲುವುದಕ್ಕೇ ಎರಡು ನಿಮಿಷ ಹಿಡಿಯಿತು. ಯಾಕೆಂದರೆ ಪ್ರತಿಜ್ಞೆಯೇ ಅವನ ಎಡಮೊಣಕಾಲನ್ನು ಕುರಿತದ್ದಾಗಿತ್ತು.

"ನನ್ನ ಕಾಲು ಗಾಡಿಗೆ ಒಗ್ಗದಿದ್ರೆ, ಗಾಡೀನೇ ನನ್ನ ಕಾಲಿಗೆ ಒಗ್ಗುಸ್ತೀನಿ. ಕ್ಲಚ್ಚೇ ಇಲ್ದಂಗೆ ಮಾಡ್ತೀನಿ, ನೋಡ್ತಿರಿ."

ಉಗ್ರಪ್ಪನದು ಒಂದು ಸಣ್ಣ ಡೀಸೆಲ್ ಲಾರಿ. ಇಪ್ಪತ್ತೇಳು ವರ್ಷದಿಂದ ಹಾರನಹಳ್ಳಿಯ ತೋಟಗಳ ತೆಂಗಿನಕಾಯಿಯನ್ನು ಅರಸೀಕೆರೆಯ ಮಾರುಕಟ್ಟೆಗೆ ಹೊತ್ತುಹಾಕುತ್ತಿತ್ತು. ಅದರ ಕ್ಲಚ್ಚು ಎಷ್ಟು ಗಡುಸೆಂದರೆ, ಅದನ್ನು ತುಳಿಯಲು ಖರ್ಚಾದ ಶಕ್ತಿಯಲ್ಲಿ ಉಗ್ರಪ್ಪ ಮಾಲೇಕಲ್ಲು ತಿರುಪತಿ ಬೆಟ್ಟವನ್ನು ದಿನಾ ಮೂರು ಸಲ ಹತ್ತಿಳಿದು, ಮಿಕ್ಕದ್ದರಲ್ಲಿ ಸ್ವರ್ಗಕ್ಕೂ ಹೋಗಿಬರಬಹುದಿತ್ತು. ಕಡೆಗೆ ಮೊಣಕಾಲೇ ಕೈಕೊಟ್ಟಿತು. ಅರಸೀಕೆರೆಯ ಡಾಕ್ಟರು ಅದನ್ನು ಹಿಡಿದು ಅಲ್ಲಾಡಿಸಿದಾಗ ಒಣಗಿದ ಕೊಬ್ಬರಿ ಗಿಟುಕಿನ ಹಾಗೆ ಒಳಗೆ ಲೊಟಲೊಟ ಎಂದಿತು. ಇನ್ನು ಕ್ಲಚ್ಚು ತುಳಿಯಕೂಡದು, ಗಾಡಿಯನ್ನು ಬೇರೆಯವರ ಕೈಗೆ ಕೊಡಿ ಎಂದುಬಿಟ್ಟರು.

ಆ ಬೇರೆಯವರು ಆಗಲೇ ಬಾಗಿಲಲ್ಲಿ ನಿಂತಿದ್ದರು. ಹೆಂಡತಿ ಸಣ್ಣತಾಯಮ್ಮನ ತಮ್ಮ ಪುಟ್ಟರಾಜು. ಊರವರ ಟ್ರ್ಯಾಕ್ಟರು ಓಡಿಸಿಕೊಂಡಿದ್ದ ಅವನು ಎರಡು ವರ್ಷದಿಂದ ದಿನಾ ಬಂದು ಭಾವನ ಮೊಣಕಾಲಿನ ಯೋಗಕ್ಷೇಮ ವಿಚಾರಿಸುತ್ತಿದ್ದ. ನೋವು ಜಾಸ್ತಿ ಎಂದರೆ ಅಯ್ಯೋ ಎನ್ನುತ್ತಲೇ ಕಣ್ಣನ್ನು ಗೋಡೆಯ ಮೊಳೆಗೆ ಹಾಯಿಸುತ್ತಿದ್ದ. ಲಾರಿಯ ಕೀ ತೂಗುತ್ತಿದ್ದದ್ದು ಅಲ್ಲಿ.

ಕೀ ಬಿಟ್ಟ ಡ್ರೈವರುಗಳ ಗತಿಯನ್ನು ಉಗ್ರಪ್ಪ ಕಂಡಿದ್ದ. ಅವರು ಕಟ್ಟೆಯ ಮೇಲೆ ಕೂತು, ದೂರದ ಸದ್ದಿನಲ್ಲೇ ಯಾವ ಬಸ್ಸೆಂದು ಗುರುತು ಹಿಡಿದು, ಸಾಯುವ ತನಕ ಅದು ಎಷ್ಟು ತಡವೆಂದು ಹೇಳುತ್ತಿರುತ್ತಾರೆ. ಯಾರೂ ಕೇಳಿರುವುದಿಲ್ಲ. ಆ ಸಾಲಿಗೆ ಸೇರಲು ಅವನಿಗೆ ಸುತರಾಂ ಇಷ್ಟವಿರಲಿಲ್ಲ. ಅದಕ್ಕೇ ಪ್ರತಿಜ್ಞೆಯ ಬಾಲಕ್ಕೆ ಒಂದು ಪಂದ್ಯವನ್ನೂ ಕಟ್ಟಿದ: ಯುಗಾದಿಯೊಳಗೆ ಕ್ಲಚ್ಚಿಲ್ಲದ ಗಾಡಿಯಲ್ಲಿ ಒಂದು ಲೋಡು ಕಾಯಿ ಅರಸೀಕೆರೆ ಮುಟ್ಟದಿದ್ದರೆ ಕೀ ಪುಟ್ಟರಾಜುವಿನದು!

ಅರಸೀಕೆರೆಯ ಮೆಕ್ಯಾನಿಕ್ ಷಡಕ್ಷರಪ್ಪ ಅಸಾಧ್ಯವೆಂಬ ಮಾತನ್ನು ಆಡಿದವನೇ ಅಲ್ಲ. ಅದನ್ನು ಗಿರಾಕಿಗಳೇ ಆಮೇಲೆ ಆಡುತ್ತಿದ್ದರು. ಬೇಲೂರಿನಾಚೆ ಕಾಫಿ ತೋಟದ ಸಾಹುಕಾರರೊಬ್ಬರ ಶೆಡ್ಡಿನಲ್ಲಿ ಹಳೆಯ ಫಾರಿನ್ ಪೆಟ್ರೋಲ್ ಕಾರೊಂದು ಬಿದ್ದಿದೆ, ಅದರ ಗೇರ್‌ಬಾಕ್ಸು ತನ್ನಷ್ಟಕ್ಕೆ ತಾನೇ ಗೇರು ಬದಲಾಯಿಸುತ್ತದೆ, ಸದ್ಯಕ್ಕೆ ಕೋಳಿಗಳು ಅದರ ಮೇಲೆ ಮೊಟ್ಟೆಯಿಡುತ್ತಿವೆ ಎಂದು ವರ್ತಮಾನ ತಂದ. ಕೋಳಿಗಳನ್ನು ಒಕ್ಕಲೆಬ್ಬಿಸಿ, ಗೇರ್‌ಬಾಕ್ಸನ್ನು ಗೋಣಿಯಲ್ಲಿ ಸುತ್ತಿ ಬಸ್ಸಿನಲ್ಲಿ ತಂದರು. ಅದರ ತೂಕ ನೋಡಿದ ಕಂಡಕ್ಟರು ಹಳೇಬೀಡಿನಲ್ಲಿ ಅದಕ್ಕೂ ಒಂದು ಫುಲ್ ಟಿಕೆಟ್ ಹರಿದ.

ಇನ್ನು ಮದುವೆ ಮಾತ್ರ ಬಾಕಿ. ಗಂಡು, ಡೀಸೆಲ್ ಕುಡಿದು ಗುಡುಗುವ ಬಯಲುಸೀಮೆಯ ಎಂಜಿನ್ನು. ಹೆಣ್ಣು, ಪೆಟ್ರೋಲಿನ ಮನೆಯಲ್ಲಿ ನಯವಾಗಿ ಬೆಳೆದ ಗೇರ್‌ಬಾಕ್ಸು. ಜಾತಕ ನೋಡಿದರೆ ಒಂದು ಬೋಲ್ಟೂ ಇನ್ನೊಂದರ ತೂತಿಗೆ ಕೂಡುವುದಿಲ್ಲ! ನಡುವೆ ಹಾಕಲು ಷಡಕ್ಷರಪ್ಪ ದಪ್ಪ ಕಬ್ಬಿಣದ ತಟ್ಟೆಯೊಂದನ್ನು ಕೊರೆಯಲು ಕುಳಿತ. ಹಳೇಬೀಡಿನ ದೇವಸ್ಥಾನವನ್ನು ತಲೆಮಾರುಗಟ್ಟಲೆ ಕೆತ್ತಿದರೂ ಮುಗಿಯಲಿಲ್ಲವಂತೆ. ಈ ತಟ್ಟೆಯ ಕೆತ್ತನೆ ಅದರ ದಾಖಲೆಯನ್ನು ಸ್ವಲ್ಪದರಲ್ಲೇ ಮುರಿಯುತ್ತಿತ್ತು. ಸಂಕ್ರಾಂತಿ ಹೋಯಿತು, ಶಿವರಾತ್ರಿ ಹೋಯಿತು. ಪುಟ್ಟರಾಜು ಈಗ ಮೊಣಕಾಲನ್ನು ಬಿಟ್ಟು ತಟ್ಟೆಯ ಯೋಗಕ್ಷೇಮ ವಿಚಾರಿಸತೊಡಗಿದ.

ಅಂತೂ ಮದುವೆಯಾಯಿತು. ಊರಿನ ಎಂಟು ಜನ ಗಟ್ಟಿಗರು ಎಂದಿನಂತೆ ಲಾರಿಯ ಬೆನ್ನಿಗೆ ಕೈಕೊಟ್ಟರು. ಎಂದಿನಂತೆ ಎಂದರೆ, ಆ ಲಾರಿಯಲ್ಲಿ ಬ್ಯಾಟರಿ ಎಂಬ ವಸ್ತು ಸತ್ತು ಹನ್ನೊಂದು ವರ್ಷವಾಗಿತ್ತು. ತಳ್ಳಿ, ಗೇರಿಗೆ ಹಾಕಿ, ಕ್ಲಚ್ಚು ಬಿಟ್ಟರೆ ಸ್ಟಾರ್ಟು. ಇಳಿಜಾರು ಇದ್ದ ಕಡೆ ಗಾಡಿ ನಿಲ್ಲಿಸುವುದೇ ಹಾರನಹಳ್ಳಿಯ ಡ್ರೈವರಿಕೆ. ಎಂಟು ಜನ ಒಂದು ಮೈಲಿ ತಳ್ಳಿದರು. ಎಂಜಿನ್ನು ಕೆಮ್ಮಲೂ ಇಲ್ಲ.

ಷಡಕ್ಷರಪ್ಪ ಬೀಡಿ ಆರಿಸಿ ನಿಧಾನವಾಗಿ ಹೇಳಿದ. "ಉಗ್ರಣ್ಣ, ಇದ್ರೊಳಗೆ ಎಣ್ಣೆ ತಿರುಗುದ್ರೇನೆ ಗೇರು ಹಿಡಿಯೋದು. ಎಂಜಿನ್ ಓಡುದ್ರೇನೆ ಎಣ್ಣೆ ತಿರುಗೋದು. ತಳ್ಳುದ್ರೆ ಆಗಾಕಿಲ್ಲ."

"ಅದ್ನ ಮೊದ್ಲೇ ಹೇಳೋದಲ್ವೇನಪ್ಪ."

"ಬ್ಯಾಟರಿ ಇಲ್ದಿರೋ ಗಾಡಿಗೆ ಇದ್ನ ಯಾರು ಕೂರುಸ್ತಾರೆ ಅಂದ್ಕಂಡಿದ್ದೆ."

ಯಾರದೋ ಟ್ರ್ಯಾಕ್ಟರಿನ ಬ್ಯಾಟರಿಯನ್ನು ಎರವಲು ತಂದು ಸ್ಟಾರ್ಟ್ ಮಾಡಿ, ಬ್ಯಾಟರಿಯನ್ನು ಹಿಂದಿರುಗಿಸಿದರು. ಹೊರಡುವ ದಿನವೂ ಹೀಗೇ ಹೊತ್ತಿಸಿ, ಅರಸೀಕೆರೆ ಮುಟ್ಟುವ ತನಕ ಎಂಜಿನ್ ಆರಿಸಕೂಡದೆಂದು ತೀರ್ಮಾನವಾಯಿತು.

ಆಮೇಲೆ ಎರಡನೆಯ ಕಷ್ಟ ತಲೆಯೆತ್ತಿತು. ಗಾಡಿ ಒಂದನೇ ಗೇರು ಬಿಟ್ಟು ಮೇಲೇಳಲಿಲ್ಲ. ಷಡಕ್ಷರಪ್ಪ ಅದರ ಕೆಳಗೆ ಒಂದು ದಿನ ಮಲಗಿದ್ದು ಕಂಡುಹಿಡಿದದ್ದು ಇಷ್ಟು: ಪೆಟ್ರೋಲ್ ಎಂಜಿನ್ನು ಉಸಿರನ್ನು ಬಿಗಿಯಾಗಿ ಎಳೆಯುತ್ತದೆ. ಆ ಎಳೆತದ ಮೇಲೆ ಗೇರ್‌ಬಾಕ್ಸು ಡ್ರೈವರನ ಕಾಲಿನ ಭಾರವನ್ನು ಅಳೆಯುತ್ತದೆ. ಡೀಸೆಲ್ ಎಂಜಿನ್ನಿನ ಬಾಯಿ ಸದಾ ತೆರೆದೇ ಇರುವುದರಿಂದ ಆ ಎಳೆತವೇ ಇಲ್ಲ. ಹಾಗಾಗಿ ಗೇರ್‌ಬಾಕ್ಸು, ಪಾಪ, ಯಾವಾಗಲೂ ಒಂದು ಘಾಟಿ ಹತ್ತುತ್ತಿದ್ದೇನೆ ಎಂದೇ ತಿಳಿದುಕೊಂಡಿತ್ತು. ಬ್ರೇಕಿನ ಗಾಳಿಕೊಳವೆಯಿಂದ ಒಂದಿಷ್ಟು ಎಳೆತ ಕಡ ಕೊಡಿಸಿದರೆ, ನಾಲ್ಕು ಹೆಜ್ಜೆ ಹೋಗುವುದರೊಳಗೆ ಅದು ಕೊನೆಯ ಗೇರಿಗೆ ಹಾರಿತು, ಎಂಜಿನ್ನು ತಿಣುಕಿ ತಿಣುಕಿ ಗದಗುಟ್ಟಿತು. ಕೊಳವೆ ಕಿತ್ತರು. ಘಾಟಿಯೇ ವಾಸಿ ಎಂದಾಯಿತು. ಬದುಕೆಲ್ಲ ಏರೇ ಎಂದು ನಂಬಿದ್ದ ಉಗ್ರಪ್ಪನಿಗೆ ಆ ಗೇರ್‌ಬಾಕ್ಸಿನ ಮೇಲೆ ಒಳಗೊಳಗೇ ಮರುಕ ಹುಟ್ಟಿತು.

ಯುಗಾದಿಗೆ ಎರಡು ದಿನ ಮುಂಚೆ ಕಾಯಿ ಲೋಡಾಯಿತು. ಎಡಸೀಟಿನಲ್ಲಿ ಸಣ್ಣತಾಯಮ್ಮ ಪೂಜೆಯ ತಟ್ಟೆ ಹಿಡಿದು ಕೂತಳು. ಹಿಂದೆ ಮೊಪೆಡ್ಡಿನಲ್ಲಿ, ಪಂದ್ಯದ ಸಾಕ್ಷಿಯಾಗಿ ಪುಟ್ಟರಾಜು. ಊರಾಚೆ ಚೌಡಮ್ಮನ ಕಲ್ಲಿನ ಮುಂದೆ ನಿಲ್ಲಿಸಿ ಚಕ್ರಕ್ಕೆ ನಿಂಬೆಹಣ್ಣು ಇಡದೆ ಯಾವ ಹೊಸ ಗಾಡಿಯೂ ಮುಂದೆ ಹೋಗುವಂತಿಲ್ಲ. ಉಗ್ರಪ್ಪ ಬ್ರೇಕು ತುಳಿದ. ಪುಟ್ಟರಾಜು ಪದ್ಧತಿಯಂತೆ ಮುಂದಿನ ಚಕ್ರಕ್ಕೆ ಒಂದು ಕಲ್ಲು ಅಡ್ಡ ಕೊಟ್ಟ. ಉಗ್ರಪ್ಪ ಗೇರಿನ ಕಡ್ಡಿಯನ್ನು ನಟ್ಟನಡುವೆ ತಂದು, ಎರಡು ಸಲ ಅಲ್ಲಾಡಿಸಿ, ಇಳಿದ. ಇಪ್ಪತ್ತೇಳು ವರ್ಷದಿಂದ ನಡುವೆ ಎಂದರೆ ನ್ಯೂಟ್ರಲ್ಲು. ಗೇರ್‌ಬಾಕ್ಸಿನ ಜೊತೆ ಬಂದ ಈ ಹೊಸ ಕಡ್ಡಿಗೆ ಮಾತ್ರ ನಡುವೆ ಎಂದರೆ ನಡೆ ಮುಂದಕ್ಕೆ ಎಂದರ್ಥ. ಯಾವುದು ಎಲ್ಲೆಂದು ತೋರಿಸುವ ಅದರ ಪಕ್ಕದ ಅಕ್ಷರಗಳನ್ನೆಲ್ಲ ಬೇಲೂರಿನ ಕೋಳಿಗಳು ಕುಕ್ಕಿ ಹಾಕಿದ್ದವು.

ಸಣ್ಣತಾಯಮ್ಮ ಸೀಟಿನಿಂದಲೇ ಚಾಚಿದ ತಟ್ಟೆಯಿಂದ ನಿಂಬೆಹಣ್ಣು ಇಟ್ಟು, ಕರ್ಪೂರ ಹಚ್ಚಿ, ಕಾಯಿ ಒಡೆದದ್ದಾಯಿತು. ಪುಟ್ಟರಾಜು ಕಲ್ಲು ತೆಗೀಲೇ ಎಂದು ಕೇಳಿದ. ಉಗ್ರಪ್ಪ ದೊರೆಯ ಹಾಗೆ ತಲೆಯಾಡಿಸಿದ.

ಕಲ್ಲು ಸರಿಯಿತು. ಲಾರಿ ತನ್ನ ನಿಂಬೆಹಣ್ಣನ್ನು ತಾನೇ ತುಳಿದುಕೊಂಡು ಹೊರಟಿತು!

ಅದೇನೂ ಬಿರುಸಾಗಿ ಹೋಗಲಿಲ್ಲ. ಹೋಗಿದ್ದರೆ ಮರ್ಯಾದೆ ಉಳಿಯುತ್ತಿತ್ತು. ಅದು ಬೀಗರ ಮನೆಗೆ ಹೊರಟ ಹಿರಿಯರ ಹಾಗೆ ನಡಿಗೆಯಲ್ಲಿ ಹೋಯಿತು. ಉಗ್ರಪ್ಪ ಅದರ ಬೆನ್ನು ಹತ್ತಿ ಕುಂಟಿದ. ಒಂದು ಮಾರು ದೂರದಲ್ಲಿ ಅವನ ಜೀವಮಾನದ ಗಾಡಿ, ಕೈಚಾಚಿದರೆ ಸಿಕ್ಕೀತು ಎಂಬಂತೆ. ಸಿಗಲಿಲ್ಲ. ಆ ಒಂದು ಮಾರು ಹಾಗೆಯೇ ಫರ್ಲಾಂಗುಗಟ್ಟಲೆ ಉಳಿಯಿತು. ದಾರಿಬದಿ ಎಮ್ಮೆಯೊಂದು ಇಬ್ಬರನ್ನೂ ದಾಟಿ ಮುಂದೆ ಹೋಗಿ ತಿರುಗಿ ನೋಡಿತು.

ಪುಟ್ಟರಾಜು ಮೊಪೆಡ್ಡು ಎಸೆದು ಓಡಿಬಂದು ಲಾರಿಯ ಬಾಗಿಲಿಗೆ ಜೋತುಬಿದ್ದ. ಅಷ್ಟರಲ್ಲಿ ಸಣ್ಣತಾಯಮ್ಮ ಡ್ರೈವರ್ ಸೀಟಿಗೆ ಜರುಗಿ, ರಾಗಿಕಲ್ಲಿನ ಗೂಟ ಹಿಡಿಯುವಂತೆ ಸ್ಟೇರಿಂಗ್ ಹಿಡಿದಿದ್ದಳು.

"ಜರುಗಕ್ಕ, ನಾನು ಹಿಡ್ಕತೀನಿ."

"ಮುಟ್ಟಬ್ಯಾಡ ಕಣೋ. ನೀನು ಹಿಡ್ಕಂಡ್ರೆ ಕೀ ನಿಂದಾಯ್ತದೆ. ಅವ್ರು ಕಟ್ಟೆ ಮ್ಯಾಲೆ ಕುಂತ್ಕಂಡು ಬಸ್ ಎಣುಸ್ತಾರೆ. ಅದ್ನ ನೋಡಾಕೆ ನನ್ನ ಕೈಲಾಗಾಕಿಲ್ಲ. ಇಳಿ."

ಅವಳು ಈ ಮಾತನ್ನು ಗಂಡನಿಗೆಂದೂ ಹೇಳಿರಲಿಲ್ಲ. ಹಿಂದೆ ಏದುಸಿರಿನಲ್ಲಿ ಬರುತ್ತಿದ್ದ ಗಂಡನಿಗೆ ಅದು ಕೇಳಿಸಿತು. ಅವನು ನಿಂತು, ಹೆಗಲ ಟವೆಲ್ಲಿನಿಂದ ಮುಖ ಒರೆಸಿಕೊಂಡ. ಮತ್ತೆ ಕುಂಟಿದ.

ಮೋರಿಯ ಹತ್ತಿರ ಅವಳ ಕಾಲಿಗೆ ಬ್ರೇಕು ಸಿಕ್ಕಿತು. ಗಾಡಿ ನಿಂತಿತು. ಉಗ್ರಪ್ಪ ಬಾಗಿಲು ಹಿಡಿದು, ಇಳಿಯೇ, ಇನ್ನು ನಾನು ನೋಡಿಕೊಳ್ಳುತ್ತೇನೆ ಎಂದ. ಅವಳು ಅಲುಗಲಿಲ್ಲ.

"ಕಾಲು ತಗುದ್ರೆ ಹೊಂಟೋಯ್ತದೆ. ಹೆಂಗಿಳೀಲಿ?"

ಕಡ್ಡಿ ನ್ಯೂಟ್ರಲ್ಲಿಗೆ ತಳ್ಳು ಎನ್ನಬಹುದಿತ್ತು. ಅಲ್ಲಿಯವರೆಗೆ ಕಡ್ಡಿ ಆಡಿಸಿದವನು ಷಡಕ್ಷರಪ್ಪ; ಅದು ಎಲ್ಲಿದೆಯೆಂದು ಈಗ ಉಗ್ರಪ್ಪನಿಗೂ ಗೊತ್ತಿರಲಿಲ್ಲ. ಆರಿಸು ಎನ್ನಬಹುದಿತ್ತು. ಆರಿಸಿದರೆ ಹೊತ್ತಿಸುವ ಬ್ಯಾಟರಿ ಹಾರನಹಳ್ಳಿಯ ಟ್ರ್ಯಾಕ್ಟರಿನಲ್ಲಿತ್ತು. ಚಕ್ರಕ್ಕೆ ಅಡ್ಡ ಕೊಡುವ ಕಲ್ಲು ಫರ್ಲಾಂಗುಗಟ್ಟಲೆ ಹಿಂದೆ ಚೌಡಮ್ಮನ ಬಳಿಯೇ ಉಳಿದಿತ್ತು. ಹಿಂದೆ ಎರಡು ಬಸ್ಸು, ಮೂರು ಟೆಂಪೋ ನಿಂತು ಊರು ಎದ್ದುಹೋಗುವಂತೆ ಹಾರನ್ ಬಾರಿಸುತ್ತಿದ್ದವು.

"ನಂಗೆ ಎರಡು ಕೈಯೂ ಇದಕ್ಕೇ ಬೇಕು," ಎಂದಳು ಅವಳು ಸ್ಟೇರಿಂಗನ್ನು ಬಿಡದೆ. "ನೀವು ಹಿಂದ್ಗಡೆ ಕಾಯಿ ಮ್ಯಾಲೆ ಕಾಲು ನೀಡ್ಕಂಡು ಕುಂತ್ಕಂಡು, ಬರೋರ್ಗೆ ಮುಂದಕ್ಕೋಗಿ ಅಂತ ಕೈ ತೋರ್ಸಿ."

ಎಡಗಾಲೊಂದು ಬೇಡದ ಗಾಡಿ ಮಾಡಲು ಹೊರಟವನು ಇಡೀ ಉಗ್ರಪ್ಪನೇ ಬೇಡದ ಗಾಡಿ ಮಾಡಿ ಮುಗಿಸಿದ್ದ. ಪುಟ್ಟರಾಜುವೇ ಭಾವನನ್ನು ಎತ್ತಿ ಕಾಯಿರಾಶಿಯ ಮೇಲೆ ಕೂರಿಸಿದ. ಅಕ್ಕ ಓಡಿಸಿದರೆ ಪಂದ್ಯದ ಲೆಕ್ಕಕ್ಕೆ ಬರುವುದಿಲ್ಲ ಎಂದು ಗೊಣಗಿದ. ಗಾಡಿಗೆ ಕ್ಲಚ್ಚಿರಬಾರದು ಎಂದಷ್ಟೇ ಪಂದ್ಯ, ಡ್ರೈವರು ಯಾರೆಂದು ಯಾರೂ ಹೇಳಿರಲಿಲ್ಲ ಎಂದು ಮುಂದಿನಿಂದ ಉತ್ತರ ಬಂತು.

ಅರಸೀಕೆರೆಯ ತನಕ ಉಗ್ರಪ್ಪ ರಸ್ತೆಯನ್ನು ಹಿಮ್ಮುಖವಾಗಿ ನೋಡಿದ. ಇಪ್ಪತ್ತೇಳು ವರ್ಷ ಎದುರಿಗೆ ಬಂದ ಮರಗಳೆಲ್ಲ ಈಗ ಅವನನ್ನು ಬಿಟ್ಟು ದೂರ ಹೋಗುತ್ತಿದ್ದವು. ಒಂದು ಕಾಲಕ್ಕೆ ತಾನು ಧೂಳು ಕುಡಿಸಿದ ಬಸ್ಸುಗಳಿಗೆಲ್ಲ ಅವನು ಹೆಗಲ ಟವೆಲ್ಲು ಬೀಸಿ ದಾರಿಬಿಟ್ಟ. ಅರಸೀಕೆರೆ ಹತ್ತಿರವಾದಾಗ ಹಾಲಿನ ಕ್ಯಾನು ಕಟ್ಟಿಕೊಂಡ ಸೈಕಲ್ಲಿನ ಹೊನ್ನಯ್ಯ ಹಿಂದಿನಿಂದ ಬಂದ. ಉಗ್ರಪ್ಪ ಅವನಿಗೂ ಟವೆಲ್ಲು ಬೀಸಿದ.

ಹೊನ್ನಯ್ಯ ಪೆಡಲು ತುಳಿಯುತ್ತಲೇ ಕಣ್ಣರಳಿಸಿದ. "ನೀವಿಲ್ಲಿ ಕುಂತಿದ್ದೀರಿ. ಗಾಡಿ ಓಡುಸ್ತಿರೋದು ಯಾರು?"

ಉಗ್ರಪ್ಪನಿಗೆ ಹೆಂಡತಿಯ ಹೆಸರು ಬಾಯಿಗೆ ಬಂತು. ನುಂಗಿಕೊಂಡ.

"ಯಾರೂ ಇಲ್ಲ ಕಣಪ್ಪ. ಆಟೋಮ್ಯಾಟಿಕ್ಕು."

ಹೊನ್ನಯ್ಯ ಗಾಡಿಯ ಉದ್ದಕ್ಕೂ ಕಣ್ಣಾಡಿಸಿ, ಅದು ರಸ್ತೆಯ ಗುಂಡಿಯೊಂದನ್ನು ನಾಜೂಕಾಗಿ ಬಳಸಿ ಹೋದದ್ದನ್ನು ಮೆಚ್ಚಿ, ಮುಂದೆ ಹೋಗುತ್ತ ಹೇಳಿದ:

"ಯಾರೂ ಇಲ್ದಿದ್ರೂ ನಿಮಗಿಂತ ಹದವಾಗಿ ಹೊಯ್ತಾ ಐತೆ ಬುಡಿ."