ಹಾವುಗೂದಲಿನ ತಾಯಿತ

ಕಂಚು ಹೊಯ್ಯುವವನ ಮನೆಯಲ್ಲಿ ಕೈ ಸುಡುವುದು ಅಪರೂಪ, ಮಾನ ಹೋಗುವುದು ದಿನಾ. ಸವಣೂರಿನಲ್ಲಿ ನನ್ನ ಕುಲುಮೆ. ಗಂಟೆ, ಗೆಜ್ಜೆ, ತಾಯಿತ ಮಾಡುತ್ತಿದ್ದೆ. ಊರಿಗೆಲ್ಲ ತಾಯಿತ ಕಟ್ಟಿದೆ. ಹೆಂಡತಿಗೆ ಉಸಿರು ಕಟ್ಟುವ ದಮ್ಮು ಇತ್ತು, ಆಕೆಯ ಕೊರಳಿಗೂ ಒಂದು ಕಟ್ಟಬೇಕೆಂದು ಆಸೆ. ಆಕೆ ಒಲ್ಲೆ ಎನ್ನುತ್ತಿದ್ದಳು. ಈಗ ಆಕೆ ಹೋಗಿ ಎರಡು ವರ್ಷ.

ಸಿಟ್ಟಿನ ಮುಖ

ಎಪ್ಪತ್ತರ ದಶಕದ ಕಡೆಯ ವರ್ಷಗಳು. ಹಾನಗಲ್ಲಿನಿಂದ ಒಬ್ಬ ಮಾಸ್ತರರು ಪುಸ್ತಕ ಹಿಡಿದು ಬಂದರು. ಒಳಗೊಂದು ಚಿತ್ರ. ಹೆಣ್ಣಿನ ಮುಖ, ತಲೆ ತುಂಬ ಹಾವು.

"ಗ್ರೀಸ್ ದೇಶದ ಹಳೇ ಕಥಿಯಾಕಿ. ಈಕಿನ್ನ ನೋಡಿದವ ಕಲ್ಲಾಗ್ತಾನ. ಅದಕ್ಕ ಅಲ್ಲಿ ಮಂದಿ ಕೆಟ್ಟದ್ದು ಹಾಯಬಾರದಂತ ಈ ಮಾರಿ ಇಟ್ಕೋತಿದ್ರು. ಕಂಚಿನಾಗ ಹತ್ತು ತಾಯಿತ ಬೇಕ್ರಿ."

ಅವರು ಹೇಳಿದ ಆಕೆಯ ಹೆಸರಿಗೆ ನನ್ನ ನಾಲಿಗೆ ಹೊರಳಲಿಲ್ಲ. ಹಾವಮ್ಮ ಅಂದೆ.

"ಮಾರಿ ಮ್ಯಾಲೆ ಸಿಟ್ಟು ಇರಬೇಕ್ರಿ. ಮಾಡಾಕ ಆಗ್ತದೇನು?"

ಸಿಟ್ಟಿನ ಮುಖ ಎಂದೊಡನೆ ಅಡಿಗೆಮನೆ ಕಡೆ ನೋಡಿದೆ. ಒಲೆ ಹತ್ತದೆ ಹೆಂಡತಿ ಮುಖ ಗಂಟು ಹಾಕಿ ಊದುತ್ತಿದ್ದಳು.

"ಅದಕ್ಕ ದೂರ ಹೋಗಬೇಕಾಗಿಲ್ರಿ" ಅಂದೆ.

ಮೇಣದ ಶಾವಿಗೆ

ನಮ್ಮ ಕೆಲಸದಲ್ಲಿ ಮೊದಲು ಜೇನುಮೇಣದಲ್ಲಿ ರೂಪ ಮಾಡಬೇಕು. ಅದರ ಮೇಲೆ ಮಣ್ಣು ಮೆತ್ತಿ ಸುಟ್ಟರೆ ಮೇಣ ಕರಗಿ ಹೋಗುತ್ತದೆ. ಆ ಜಾಗಕ್ಕೆ ಕಂಚು ಹೊಯ್ಯುವುದು. ಹಾವಿಗೆಂದು ಮೇಣವನ್ನು ಸಣ್ಣ ಎಳೆಯಾಗಿ ಹೊಸೆದು ಮೊರದಲ್ಲಿಟ್ಟೆ. ಪಕ್ಕದ ಮೊರದಲ್ಲಿ ಆಕೆ ಹೊಸೆದ ಶಾವಿಗೆ.

ಅವತ್ತೇ ಹೊಸ ಅಳಿಯ ಚಿಕ್ಕೇರೂರಿನಿಂದ ಬಂದ. ಗಡಿಬಿಡಿಯಲ್ಲಿ ಆಕೆ ಎರಡೂ ಮೊರದ ಎಳೆಗಳನ್ನು ಪಾಯಸದ ಹಾಲಿಗೆ ಸುರಿದಳು. ಆರಿದ ಮೇಲೆ ಪಾಯಸದ ಮೇಲೆ ಹಳದಿ ಪದರು. ಅಳಿಯ ತುಟಿ ಮೂರು ಸಲ ಒರೆಸಿಕೊಂಡು ಬಟ್ಟಲು ಖಾಲಿ ಮಾಡಿದ.

ಎದ್ದಾಗ ಅಂದ: "ಕೆನಿ ಭಾಳ ಗಟ್ಟಿ ಅದರಿ ಅತ್ತಿ. ಎಮ್ಮಿ ಎಲ್ಲಿ ತಂದ್ರಿ?"

ಶಿಗ್ಗಾಂವಿಯ ಎಮ್ಮೆ

ಹತ್ತರ ಮೇಲೆ ಇನ್ನೊಂದಿಷ್ಟು ಮಾಡಿ ಶಿಗ್ಗಾಂವಿ ಸಂತೆಗೆ ಒಯ್ದೆ. ಒಬ್ಬ ಎಮ್ಮೆಗೆ ಕಟ್ಟಲು ಒಂದು ತೊಗೊಂಡ. ಎಂಟು ದಿನಕ್ಕೆ ಆ ತಾಯಿತ ಹಿಡಿದುಕೊಂಡು ಮನೆಗೇ ಬಂದ.

"ನೋಡಿದವ ಕಲ್ಲಾಗ್ತಾನ ಅಂದ್ರಿ. ನನ್ನ ಎಮ್ಮಿನ ಕಲ್ಲಾಗಿ ನಿಂತೈತಿ. ಒಂದು ಹೆಜ್ಜಿ ಇಡವಲ್ದು!"

ಹೆಂಡತಿ ಹೊರಗೆ ಬಂದಳು. "ಅದಕ್ಕ ಹೊಟ್ಟಿ ತುಂಬ ಮೇವು ಹಾಕೀಯೇನೋ?"

ಅವನು ಕೈಯಲ್ಲಿದ್ದ ತಾಯಿತ ನೋಡಿದ. ಆಕೆಯ ಮುಖ ನೋಡಿದ. ಮತ್ತೆ ತಾಯಿತ ನೋಡಿದ.

"ಹಾಕ್ತೇನಿ ಅವ್ವಾ, ಈಗ ಹೋಗಿ ಹಾಕ್ತೇನಿ" ಎಂದು ಓಡಿದ. ಚಪ್ಪಲಿ ನಮ್ಮ ಬಾಗಿಲಲ್ಲೇ ಉಳಿದವು.

ಮೂಗು

ಅಂದಿನಿಂದ ನನಗೆ ದಿಗಿಲು. ತಾಯಿತದಲ್ಲಿರುವುದು ಯಾರ ಮುಖವೆಂದು ಆಕೆಗೆ ಗೊತ್ತಾದರೆ ಮುಗಿಯಿತು. ಮಾಸ್ತರರು ತಮ್ಮ ಹತ್ತು ತಾಯಿತ ಒಯ್ಯಲು ಬಂದರು. ಒಂದನ್ನು ಬಿಸಿಲಿಗೆ ಹಿಡಿದರು.

"ಮಾರಿಗೆ ಜೀವ ಬಂದದಲ್ರಿ! ಯಾರನ್ನ ನೋಡಿ ಮಾಡಿದ್ರಿ?"

ನಾನು ಇದ್ದಲಿ ಕೆದಕತೊಡಗಿದೆ. ಒಳಗಿನಿಂದ ದನಿ ಬಂತು.

"ನನ್ನನ್ನರೀ ಮಾಸ್ತರ. ಮೂಗೊಂದು ನಮ್ಮ ಅತ್ತಿಯವರದು. ತಮ್ಮ ಅವ್ವನ್ನ ಎಲ್ಲಿ ಬಿಟ್ಟಾರು ಇವ್ರು?"

ಮುಖ ಇನ್ನೂ ಮೇಣದಲ್ಲಿದ್ದಾಗಲೇ ಆಕೆಗೆ ಗೊತ್ತಿತ್ತಂತೆ. ಮಾಸ್ತರರು ನಕ್ಕು ನಕ್ಕು ಹೋದರು. ನಾನು ಉಳಿದಿದ್ದ ಒಂದನ್ನು ಆಕೆಯ ಮುಂದೆ ಹಿಡಿದೆ.

"ಇನ್ನಾದ್ರೂ ಕಟ್ಕೋ. ದಮ್ಮು ಕಮ್ಮಿ ಆದೀತು."

"ನನ್ನ ಮಾರಿ ನಾನ ಕಟ್ಕೊಂಡು ಏನು ಮಾಡ್ಲಿ? ಇದಕ್ಕ ಅಂಜಾವ್ರು ಈ ಊರಾಗ ನೀವೊಬ್ರ. ಬರ್ರಿ ಇಲ್ಲಿ."

ನನ್ನ ಕೊರಳಿಗೇ ಕಟ್ಟಿದಳು. ಗಂಟು ಬಿಗಿಯಾಗಿ ಹಾಕಿದಳು.

ಈಗ ದಾರ ಸವೆದಾಗ ನಾನೇ ಬದಲಿಸುತ್ತೇನೆ. ಆಗ ಆ ಮುಖ ನೋಡಲೇಬೇಕು. ಕಲ್ಲಾಗುತ್ತೇನೆ ಎಂದು ಕೂತರೆ ಕಣ್ಣಿಗೆ ಮೊದಲು ಅವ್ವನ ಮೂಗು ಬೀಳುತ್ತದೆ. ನಗು ಬಂದುಬಿಡುತ್ತದೆ.