ಹುಣಸೆ ಕಟ್ಟಿಗೆಯ ಪೆನ್ನು

"ಸೋಮವಾರ ನೀ ಚಾರ್ಜ್ ತಗೊಂಡು ಹಾಕೂ ಮೊದಲನೇ ಸಹಿ ನನ್ನ ಕೈಯಾಗ ಹುಟ್ಟಿದ ಪೆನ್ನಿಲೇನ ಆಗಬೇಕು!" ಎಂದು ಸಿಂದಗಿಯ ಅಂಚೆ ಗುಮಾಸ್ತ ಅಮೋಘಸಿದ್ಧ ಹೆಂಡತಿಯ ಮುಂದೆ ಭೀಷ್ಮಪ್ರತಿಜ್ಞೆ ಮಾಡಿಬಿಟ್ಟ. ಹೆಂಡತಿ ಪ್ರಿಯದರ್ಶಿನಿ ಮೋರಟಗಿಯ ಶಾಲೆಗೆ ಮುಖ್ಯಗುರುಮಾತೆಯಾಗಿ ಹೊರಟಿದ್ದಳು. ಪೆನ್ನಿನ ಕಟ್ಟಿಗೆಯೂ ಅಂಥಿಂಥದ್ದಲ್ಲ. ಅವಳ ತವರೂರು ಕನ್ನೊಳ್ಳಿಯಲ್ಲಿ, ತೀರಿಹೋದ ಅವಳಪ್ಪ ನೆಟ್ಟಿದ್ದ ಹುಣಸೆಮರ ಗಾಳಿಗೆ ಉರುಳಿದಾಗ ಅವಳು ಎತ್ತಿಟ್ಟುಕೊಂಡಿದ್ದ ಎರಡು ತುಂಡು.

ಹಿತ್ತಲಲ್ಲಿ ಅವನ ಹವ್ಯಾಸದ, ಕಟ್ಟಿಗೆಯನ್ನು ಗರಗರ ತಿರುಗಿಸಿ ಕಡೆಯುವ ಪುಟ್ಟ ಲೇತ್ ಇತ್ತು. ಚೌಕನೆಯ ತುಂಡು ಮೊದಲು ದುಂಡನೆಯ ಕೋಲಾಗಬೇಕು, ಆಮೇಲೆ ಪೆನ್ನು. ಅದಕ್ಕೆಂದೇ ಹಳೆಯ ಉಳಿಯ ತುದಿಯನ್ನು ಸಾಣೆಗೆ ಹಿಡಿದು ಅರ್ಧಚಂದ್ರದಂಥ ಕಚ್ಚು ಕೊರೆದ. ಅದರೊಳಗೆ ತಿರುಗಿದ ಕಟ್ಟಿಗೆ ಪೂರ್ಣಚಂದ್ರನಾಗಿ ಹೊರಬರುತ್ತದೆಂದು ಅವನ ಲೆಕ್ಕ!

ಲೇತ್ ಶುರು ಮಾಡಿ ಉಳಿ ಒತ್ತಿದ. ಕಟ್ಟಿಗೆ ಕಿರ್ರೆಂದಿತು, ಹೊಗೆ ಕಾರಿತು, ಠಣ್ಣನೆ ಹಾರಿ ಅಡುಗೆಮನೆಯ ಕಿಟಕಿಯೊಳಗೆ ನುಗ್ಗಿತು!

"ರೀ! ತೊಗರಿಬ್ಯಾಳ್ಯಾಗ ನಿಮ್ಮ ಪೆನ್ ಬಂದು ಬಿದ್ದೈತಿ!"

"ಪೆನ್ ಅಲ್ಲದು, ಇನ್ನೂ ಕೋಲು!"

"ಹಂಗಾರ ಸಾರಿಗೆ ಹುಣಸಿಹಣ್ಣು ಹಾಕಂಗಿಲ್ಲ ಬಿಡ್ರಿ. ಹುಣಸಿಮರಾನ ಬಂತಲ್ಲ!"

ತುಂಡು ಸೀಳಿಹೋಗಿತ್ತು. ಉಳಿದದ್ದು ಒಂದೇ. ಮಾವನ ಮರದ ಕೊನೆಯ ತುಂಡೂ ಹಾಳಾದರೆ? ಅಮೋಘಸಿದ್ಧ ಉಳಿ ಕೆಳಗಿಟ್ಟ. ಅಷ್ಟರಲ್ಲಿ ಅವಳೇ ಸೆರಗಿಗೆ ಕೈ ಒರೆಸುತ್ತ ಬಂದು ಉಳಿಯನ್ನು ತಿರುವಿ ನೋಡಿದಳು.

"ಕಚ್ಚಿನ ಕೆಳಗ ಇಳಿಜಾರಾನ ಇಲ್ಲಲ್ರಿ. ಇದು ಕೊಯ್ಯಂಗಿಲ್ಲ, ಬರೇ ಉಜ್ಜತೈತಿ."

"ನಿನಗ ಹೆಂಗ ಗೊತ್ತು?"

"ದಿನಾ ಈಳಗಿ ಮುಂದ ಕುಂದ್ರಾಕಿ ನಾ ಅಲ್ಲೇನ್ರಿ?"

ಅವನು ಕಚ್ಚಿನ ಕೆಳಗೆ ಓರೆಯಾಗಿ ಸಾಣೆ ಹಿಡಿದ. ಆದರೂ ಲೇತ್ ಶುರು ಮಾಡಲು ಧೈರ್ಯ ಬರಲಿಲ್ಲ. "ಇದೂ ಹೋದ್ರ?"

"ಹೋದ್ರ ಹೋಗ್ಲಿ. ನಮ್ಮಪ್ಪನೂ ನಿಮ್ಮಂಗ. ರಿಪೇರಿ ಮಾಡ್ತೇನಂತ ಹೋಗಿ ಮುರದ ಬರ್ತಿದ್ದ," ಎಂದು ನಕ್ಕು, ಅವನ ಕೈಮೇಲೆ ತನ್ನ ಕೈ ಇಟ್ಟಳು.

ಈ ಸಲ ಕಟ್ಟಿಗೆಯ ಸಿಪ್ಪೆ ಸುರುಳಿ ಸುರುಳಿಯಾಗಿ ಹಾರಿತು. ಕೋಲು ನುಣ್ಣಗೆ ಹೊರಬಂತು. ಪೆನ್ನೂ ಆಯಿತು!

ಸೋಮವಾರ ಸಂಜೆ ಬಸ್‌ಸ್ಟ್ಯಾಂಡಿನಲ್ಲಿ ಅವಳು ಇಳಿಯುವುದೇ ತಡ, "ಸಹಿ ಹೆಂಗ ಬಂತು?" ಎಂದ.

"ಸಹಿ ಎಲ್ಲೀದ್ರಿ? ಈಗೆಲ್ಲಾ ಮಷಿನ್ನ್ಯಾಗ. ಹೆಬ್ಬೆಟ್ಟು ಒತ್ತಿದೆ, ಮುಗೀತು."

"ಎಂ.ಎ., ಬಿ.ಎಡ್. ಮಾಡಿದಾಕಿ ಹೆಬ್ಬೆಟ್ಟೇನ! ಮತ್ತ ಪೆನ್?"

ಅವಳು ಬೆನ್ನು ತಿರುಗಿಸಿದಳು. ಪೆನ್ನು ತುರುಬಿನಲ್ಲಿ ಠೀವಿಯಿಂದ ಕೂತಿತ್ತು. "ಎಲ್ಲೂ ಕಳೀಬಾರದಂತ ದಿನಪೂರ್ತಿ ತಲಿಮ್ಯಾಲ ಹೊತ್ತೇನ್ರಿ. ಸಾಲ್ಯಾಗ ಟೀಚರ್ ಎಲ್ಲಾರೂ ತಮಗೂ ಒಂದೊಂದು ಬೇಕಂದ್ರು."

ಅಮೋಘಸಿದ್ಧನ ಎದೆ ಉಬ್ಬಿತು. "ಪೆನ್ನ?"

"ಅಲ್ರಿ," ಎಂದು ಅವಳು ಮೆಲ್ಲಗೆ ಅವನ ತೋಳು ಹಿಡಿದಳು, "ಹೇರ್‌ಪಿನ್ನು!"